ಹುಳ ಇವೆ, ಜಾಗ್ರತೆ!

ಮಾರ್ಚ್ 4, ಬೆಳಿಗ್ಗೆ

ಸಮಸ್ತ ಲೋಕಕ್ಕೂ ಈ ಮೂಲಕ ತಿಳಿಯಪಡಿಸುವುದೇನೆಂದರೆ — ಮೂರನೇ ಟಬ್ಬಿನ ಎಡಗಡೆ ಎಲೆ ಮೇಲೆ ಕೆರೆದ ಗುರುತು ಬಿದ್ದಿದೆ. ಹುಳ ತಿನ್ನುತ್ತಿವೆ! ಒಬ್ಬಳೇ ಕುಣಿದೆ.

ಕೆರೆ ಪೂರ್ತಿ ಅಂತರಗಂಗೆ ಕಳೆ. ನೇರಳೆ ಹೂವಿಗೆ ಮರುಳಾಗಿ ಯಾವ ಪುಣ್ಯಾತ್ಮರು ತಂದು ಬಿಟ್ಟರೋ... ಕಿತ್ತಷ್ಟೂ ಚಿಗುರುತ್ತೆ. ಅದನ್ನೇ ತಿನ್ನುವ ಸೊಂಡಿಲಹುಳ ಸಾಕುವುದು ನನ್ನ ನೌಕರಿ. ಹುಳಕ್ಕೆ ಊಟ ಬೇಕಲ್ಲ, ಕಳೆಯನ್ನೂ ನಾನೇ ಸಾಕಬೇಕು. ಶತ್ರುವಿಗೆ ಬಾಣಂತನ. ಆಫೀಸಿನಲ್ಲಿ ಬಿಸಿಲಿಲ್ಲ — ಟಬ್ಬುಗಳು ಅಕ್ಕನ ಹಿತ್ತಿಲಲ್ಲಿ.

ಮಾರ್ಚ್ 6

ಸಾಹೇಬರು ಕರೆದರು. "ನಿಮ್ಮ ಹುಳ ಯಾವಾಗ ಡ್ಯೂಟಿಗೆ ಸೇರುತ್ತೆ?" ಮುಂದಿನ ತಿಂಗಳ ತಪಾಸಣೆಯಲ್ಲಿ ಕೆರೆಯೊಳಗೆ ಹುಳ ಕಾಣದಿದ್ದರೆ ಕಳೆನಾಶಕ ಹೊಡೆಸುತ್ತಾರಂತೆ. ಅಷ್ಟೂ ಗಿಡ ಒಟ್ಟಿಗೆ ಕೊಳೆತರೆ ಮೀನಿಗೆ ಉಸಿರಿರಲ್ಲ. ಭಾವ ಮೀನು ಹಿಡಿಯೋದು ಅದೇ ಕೆರೆಯಲ್ಲಿ. ಮನೆಗೆ ಬಂದು ಅವರಿಗೆ ಹೇಳಿದೆ.

"ಅಂದ್ರೆ ನಮ್ಮ ಸಂಸಾರ ಹುಳದ ಮೇಲೆ ನಿಂತಿದೆ ಅನ್ನು." ನಕ್ಕರು. ನಗು ಬೇಗ ಮುಗೀತು.

ಯಾರೂ ಟಬ್ಬು ಅಲುಗಾಡಿಸದಿರಲಿ ಅಂತ ಬೋರ್ಡ್ ಬರೆದು ಅಂಟಿಸಿದೆ. ಕೆಂಪು ಶಾಯಿ, ದಪ್ಪಕ್ಷರ: "ಹುಳ ಇವೆ. ಜಾಗ್ರತೆ!"

ಮಾರ್ಚ್ 11

ಆಫೀಸಿಂದ ಬಂದರೆ ಹಿತ್ತಿಲಲ್ಲಿ ಘಾಟು. ಅಕ್ಕನ ಕೈಯಲ್ಲಿ ಪಂಪು, ಮೂಗಿಗೆ ಬಟ್ಟೆ, ಯುದ್ಧ ಗೆದ್ದ ಮುಖ.

"ನೀನೇ ಬರೆದಿದ್ದೀಯಲ್ಲೇ, ಹುಳ ಇವೆ ಜಾಗ್ರತೆ ಅಂತ! ಪಾಪ, ನಿನ್ನ ಗಿಡ ಹಾಳಾಗುತ್ತಲ್ಲಾ ಅಂತ ಔಷಧಿ ಹೊಡೆದೆ."

ಮೂರೂ ಟಬ್ಬಿಗೆ.

"ಅಕ್ಕಾ... ಜಾಗ್ರತೆ ಮಾಡಬೇಕಾಗಿದ್ದು ಹುಳಾನ ಕಣೇ!"

"ಹಾಗಂತ ಬರೀಬೇಕಿತ್ತು!"

ಸರಿಯೇ. ನೀರ ಮೇಲೆ ಅಕ್ಕಿಕಾಳಿನಂಥ ಹುಳ, ಕಾಲು ಮಡಚಿಕೊಂಡು. ಮುಟ್ಟಿದರೆ ಸತ್ತಂತೆ ನಟಿಸೋ ಜಾತಿ. ಬಹಳ ಹೊತ್ತು ಕಾದೆ. ಒಂದೂ ನಟಿಸುತ್ತಿರಲಿಲ್ಲ.

ಮಾರ್ಚ್ 12

ಹೊಸ ಹುಳ ತರಿಸೋಕೆ ಟೈಮಿಲ್ಲ. ಕಳೆನಾಶಕದ ವಿಷಯ ತಿಳಿದು ಅಕ್ಕ ಊಟ ಬಿಟ್ಟಿದ್ದಾಳೆ.

ತೊಟ್ಟೊಂದನ್ನು ಬ್ಲೇಡಿನಲ್ಲಿ ಸೀಳಿದೆ. ಒಳಗೆ ಬಿಳಿ ಮರಿಹುಳ — ಮಿಸುಕಿತು! ಔಷಧಿ ಒಳಗಿಳಿದಿಲ್ಲ. ಮಿಕ್ಕ ಗಿಡಗಳಲ್ಲೂ ಇರಬಹುದು... ಇಲ್ಲದಿರಬಹುದು. ಸೀಳಿದರೆ ಸಾಯುತ್ತೆ, ಸೀಳದಿದ್ದರೆ ಗೊತ್ತಾಗಲ್ಲ.

ಅಕ್ಕ ಒಂದೊಂದೇ ಗಿಡಕ್ಕೆ ಸ್ನಾನ ಮಾಡಿಸಿದಳು. ಮರಿ ಉಳಿದಿದ್ದರೆ ಅಲ್ಲೇ ಬೆಳೆಯಲಿ ಅಂತ ಭಾವ ದೋಣಿಯಲ್ಲಿ ಒಯ್ದು ಕೆರೆ ನಡುವೆ ಬಿಟ್ಟು, ತೇಲಿಹೋಗದಂತೆ ಸುತ್ತ ಬಲೆ ಕಟ್ಟಿದರು.

ಏಪ್ರಿಲ್ 9

ನೋಡಿ ಬಂದೆ. ಎಲೆಗಳು ಥಳಥಳ. ಹಾಳಾದ್ದಕ್ಕೆ ಏನು ಆರೋಗ್ಯ! ಕೆರೆದ ಗುರುತು ಒಂದೂ ಇಲ್ಲ.

ಭಾವ ಹುಳದ ಸುದ್ದಿ ಕೇಳೋದನ್ನೇ ನಿಲ್ಲಿಸಿದ್ದಾರೆ. ಅದೇ ಭಯ.

ಏಪ್ರಿಲ್ 28, ಹತ್ತೂವರೆ, ಕೆರೆ ದಡ

ತಪಾಸಣೆ. ಸಾಹೇಬರು ಭಾವನ ದೋಣಿಯಲ್ಲಿ ಹೋಗಿದ್ದಾರೆ. ನನಗೆ ಜಾಗ ಇಲ್ಲವಂತೆ. ಕಳೆನಾಶಕದ ಡ್ರಮ್ಮುಗಳು ಲಾರಿಯಲ್ಲಿ ರೆಡಿ. ಸುಮ್ಮನೆ ನಿಲ್ಲೋಕಾಗ್ತಿಲ್ಲ, ಅದಕ್ಕೇ ಬರೀತಿದ್ದೇನೆ.

ದೋಣಿ ತಿರುಗಿತು. ಸಾಹೇಬರು ತಲೆ ಅಲ್ಲಾಡಿಸ್ತಿದ್ದಾರೆ... ಇಲ್ಲ ಅಂತ. ಅಕ್ಕ ನನ್ನ ತೋಳು ಹಿಡಿದಳು. ಭಾವ ತಲೆ ಎತ್ತುತ್ತಿಲ್ಲ.

ಇಳಿದರು. "ಏನೂ ಕಾಣಿಸಲಿಲ್ಲ ಕಣ್ರೀ. ನೀವು, ನಿಮ್ಮ ಹುಳ... ಥೂ, ಏನಿದು ಕಾಲರ್ ಮೇಲೆ?"

ಅಕ್ಕಿಕಾಳು. ಸೊಂಡಿಲಿದೆ. ನಡೀತಿದೆ!

"ಕೊಡವಬೇಡಿ ಸಾರ್!"

ಇದನ್ನು ಓದುತ್ತಿರುವವರೇ, ಯಾರೇ ಆಗಿರಿ — ಸಾಹೇಬರ ಬಲಗೈ ಒಂದಿಷ್ಟು ಹಿಡ್ಕೊಂಡಿರಿ, ನಾನು ಹುಳದ ಡಬ್ಬಿ ಮುಚ್ಚಳ ತೆಗೆಯೋವರೆಗೂ—