ಒಂಬತ್ತನೇ ಕಲ್ಲಿನ ಕೆಳಗೆ

ಕರಿಕಲ್ಲಹಟ್ಟಿ, ಸಂಡೂರು ತಾಲ್ಲೂಕು
ಗುರುವಾರ, 5 ಮಾರ್ಚ್ 2026

ಸ್ಫೂರ್ತಿಯ ಅಪ್ಪನಿಗೆ ಹೇಮಾವತಿಯ ನಮಸ್ಕಾರಗಳು.

ನಾವು ಅರ್ಜಿ ಹಾಕಿದ್ದ ಮೊಬೈಲ್ ಟವರ್ ನಮ್ಮೂರಿಗೆ ಕೊಡುವುದಿಲ್ಲವೆಂದು ತೀರ್ಮಾನವಾಗಿದೆ. ನಿನ್ನೆ ಸುದ್ದಿ ತಂದವರು ಪಂಚಾಯಿತಿಯ ಬಿಲ್ ಕಲೆಕ್ಟರ್ ಜಂಬುನಾಥ್. ಪತ್ರವನ್ನು ಗ್ರಂಥಾಲಯಕ್ಕೇ ತಂದು ನನ್ನ ಮೇಜಿನ ಮೇಲಿದ್ದ ದಿನಪತ್ರಿಕೆಯ ಮೇಲಿಟ್ಟರು. ಕಾರಣ ಒಂದೇ ಸಾಲು: ಈ ಗ್ರಾಮಕ್ಕೆ ಕಳೆದ ವರ್ಷವೇ ಇಂಟರ್‌ನೆಟ್ ಕೇಬಲ್ ತಲುಪಿದೆ. ಆಧಾರಕ್ಕೆ ಕಾಮಗಾರಿ ಮುಗಿದ ವರದಿಯ ಪ್ರತಿ ಲಗತ್ತಿಸಿದ್ದಾರೆ. ಅದರ ಕೊನೆಯಲ್ಲಿ ಸೂಪರ್‌ವೈಸರ್ ಹಾಲೇಶ್ ಎಂದು ನಿಮ್ಮ ಸಹಿ.

ಸಂಜೆ ಬೋಳಗುಡ್ಡ ಹತ್ತಿ ನಿಮಗೆ ಫೋನ್ ಮಾಡಿದೆ. "ಹೇಮಾ, ಸುಮ್ನಿರು. ಎಲ್ಲಾ ಕಡೆ ಹಂಗ ಮಾಡ್ತಾರ. ನೀ ಬಾಯಿ ಬಿಟ್ರ ನನ್ನ ಕೆಲಸ ಹೋಗ್ತದ" ಅಂದಿರಿ. ಆಮೇಲೆ ಲೈನ್ ಹೋಯಿತು ಎಂದುಕೊಂಡಿರಬೇಕು. ಸಿಗ್ನಲ್ ಹೋಗಲಿಲ್ಲ, ನಾನೇ ಕಟ್ ಮಾಡಿದೆ.

ಕೆಲಸದ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ಕಂಪ್ಲಿಯ ಗದ್ದೆ ಬದಿಯ ಮೆತ್ತನೆ ಮಣ್ಣಿನಲ್ಲಿ ದಿನಕ್ಕೆ ಒಂದು ಕಿಲೋಮೀಟರ್ ಅಗೆದಿರಿ. ನಮ್ಮ ಘಟ್ಟದ ಅದಿರುಕಲ್ಲಿನಲ್ಲಿ ದಿನವಿಡೀ ಮೂವತ್ತು ಮೀಟರ್ ಆಗಲಿಲ್ಲ. ಗುತ್ತಿಗೆದಾರ ಕಲ್ಲು ಒಡೆಯುವ ಬ್ರೇಕರ್ ಯಂತ್ರ ವಾಪಸ್ ಒಯ್ದ. ಘಟ್ಟದ ಬುಡದಿಂದ ಊರಿನವರೆಗೆ ಹದಿನಾಲ್ಕು ಗುರುತಿನ ಕಲ್ಲು ಮಾತ್ರ ನೆಟ್ಟಿರಿ. ಪ್ರತಿಯೊಂದರ ಮೇಲೂ "ಕೆಳಗೆ ಕೇಬಲ್ ಇದೆ, ಅಗೆಯಬೇಡಿ" ಎಂಬ ಕೆಂಪು ಅಕ್ಷರ.

ಊರು ಆ ಮಾತಿಗೆ ಬೆಲೆ ಕೊಟ್ಟಿತು. ನಮ್ಮ ಮನೆ ಮುಂದಿನದು ಒಂಬತ್ತನೇ ಕಲ್ಲು. ಅದಕ್ಕಾಗಿ ನಿಮ್ಮ ಅವ್ವ ಎಮ್ಮೆಯ ಗೂಟ ಕಿತ್ತು ಹಿತ್ತಲಿಗೆ ಹಾಕಿದರು. ನಲ್ಲಿ ಪೈಪು ಹಾಕುವವರು ಕಲ್ಲು ಕಂಡು ಆಚೆ ಓಣಿಗೆ ತಿರುಗಿಸಿದರು. ವರ್ಷದಿಂದ ನಾವು ಅಲ್ಲಿಂದ ನೀರು ಹೊರುತ್ತಿದ್ದೇವೆ. ಹಂಪಿಯಲ್ಲಿ ಅಗೆಯಬೇಡಿ ಎಂದರೆ ಕೆಳಗೆ ಏನಾದರೂ ಇರುತ್ತದೆ.

ರೇಷನ್ ಅಂಗಡಿಯ ಹೆಬ್ಬೆಟ್ಟು ಯಂತ್ರ ಸಿಗ್ನಲ್ ಇಲ್ಲದೆ ಊರೊಳಗೆ ನಡೆಯುವುದಿಲ್ಲ. ಕೊಟ್ರಯ್ಯ ಅದನ್ನು ಬೋಳಗುಡ್ಡಕ್ಕೆ ಹೊತ್ತೊಯ್ಯುತ್ತಾನೆ, ಊರು ಅವನ ಹಿಂದೆ ಹತ್ತುತ್ತದೆ. ಹೋದ ತಿಂಗಳು ಅವ್ವ ದಾರಿಯಲ್ಲಿ ಮೂರು ಸಲ ಕುಳಿತರು. ಮೇಲೆ ತಲುಪಿದವರೇ, "ಕೊಟ್ರಯ್ಯಾ, ಗುಡ್ಡದ ಮ್ಯಾಗ ಕುಂತು ದರ್ಶನ ಕೊಡಾಕ ನೀ ಏನು ದೇವರೇನೋ? ಕಾಯಿ ತಂದಿಲ್ಲಪಾ, ಹೆಬ್ಬೆಟ್ಟು ಅಷ್ಟ ತಂದೀನಿ" ಅಂದರು. ಎಲ್ಲರೂ ನಕ್ಕರು. ಇಳಿಯುವಾಗ ನನ್ನ ಹೆಗಲು ಬಿಡಲಿಲ್ಲ.

ನಿನ್ನೆ ಗುಡ್ಡದಿಂದ ಬಂದು ಪತ್ರವನ್ನು ಅವ್ವನಿಗೆ ಓದಿ ಹೇಳಿದೆ. ನಿಮ್ಮ ಸಹಿಯ ಮಾತು ನುಂಗಲಿಲ್ಲ. ಅವರು ಹಾರೆ ತಂದು ಒಂಬತ್ತನೇ ಕಲ್ಲಿನ ಪಕ್ಕ ಅಗೆಯತೊಡಗಿದರು. ಸುಸ್ತಾದಾಗ ನಾನು ಅಗೆದೆ. ಕೆಂಪು ಮಣ್ಣು, ಆಮೇಲೆ ಕಲ್ಲು. ಪೈಪಿಲ್ಲ, ತಂತಿಯಿಲ್ಲ. ಸ್ಫೂರ್ತಿ ಗುಂಡಿಗಿಳಿದು ನಿಂತಳು. ಅವಳ ಮೊಣಕಾಲು ಮುಳುಗಿತು.

"ಮಗ ನೆಟ್ಟ ಕಲ್ಲು ಅಂತ ಕುಂಕುಮ ಹಚ್ಚೋದೊಂದು ಬಾಕಿ ಇತ್ತು ನೋಡು" ಅಂದರು ಅವ್ವ. ನನ್ನ ಮುಖ ನೋಡಿದರು. ನಾನು ಮಣ್ಣು ನೋಡಿದೆ.

ನಿಮ್ಮ ಕೆಲಸ ಹೋಗಬಹುದು. ಆ ಲೆಕ್ಕ ನಾನೂ ಹಾಕಿದ್ದೇನೆ. ಆದರೂ ಸುಮ್ಮನಿರುವುದಿಲ್ಲ. ಇಂದು ಬೆಳಿಗ್ಗೆ ಅರವತ್ತೆರಡು ಮಂದಿಯ ಸಹಿಯೊಂದಿಗೆ ಮೇಲ್ಮನವಿ ಕೊಟ್ಟಿದ್ದೇವೆ. ಮೊದಲ ಹೆಬ್ಬೆಟ್ಟು ದ್ಯಾಮಕ್ಕನದು, ನಿಮ್ಮನ್ನು ಹೆತ್ತವರದು. ಹೊಸಪೇಟೆಯ ಬಾಡಿಗೆ ಕೋಣೆಯಲ್ಲಿ ಮುಖ ಮರೆಸಿಕೊಂಡು ಕೂರಬೇಡಿ. ಬಂದು, ಯಂತ್ರ ಯಾರು ಒಯ್ದರು, ಸಹಿ ಯಾರು ಹಾಕಿಸಿದರು ಎಂದು ನೀವೇ ಹೇಳಿ. ಬಾರದಿದ್ದರೆ ನಾನು ಹೇಳುತ್ತೇನೆ.

ಬುಧವಾರ, ಮಾರ್ಚ್ 11ರಂದು ಬೆಳಿಗ್ಗೆ ಹನ್ನೊಂದಕ್ಕೆ ತಾಲ್ಲೂಕಿನ ಅಧಿಕಾರಿಗಳು ಸ್ಥಳ ಪರಿಶೀಲನೆಗೆ ಬರುತ್ತೇವೆಂದು ಮೇಲ್ಮನವಿ ಪಡೆದಾಗಲೇ ಹೇಳಿದ್ದಾರೆ. ಅವರೆದುರು ಹದಿನಾಲ್ಕೂ ಕಲ್ಲಿನ ಬುಡ ಅಗೆಯಲಾಗುವುದು.

ಇಂತಿ,
ಹೇಮಾವತಿ

ಮರೆತ ಮಾತು: ಕಲ್ಲುಗಳ ಮೇಲಿನ ಅಕ್ಷರಗಳು ನನ್ನವು. ನನ್ನ ಬರಹ ದುಂಡಗಿದೆ ಎಂದು ನೀವೇ ಬ್ರಷ್ ಕೊಟ್ಟಿದ್ದಿರಿ. ಒಂಬತ್ತನೆಯದನ್ನು ಬರೆಯುವಾಗ, ಕೇಬಲ್ ಎಲ್ಲಿ ಎಂದು ಕೇಳಿದ್ದೆ. ನೀವು ನಕ್ಕಿರಿ, ನಾನೂ ನಕ್ಕು ಹತ್ತನೆಯದಕ್ಕೆ ಹೋದೆ. ಇದನ್ನು ಅವ್ವನಿಗೆ ಇಂದು ಬೆಳಿಗ್ಗೆ ಹೇಳಿದೆ. ಮೇಲ್ಮನವಿಯಲ್ಲೂ ಬರೆದಿದ್ದೇನೆ, ನಾಲ್ಕನೇ ಪುಟ.