ಅನುಮತಿಯಿಲ್ಲದ ದಿಂಬಿನ ವಿಚಾರ

(ಸಂಸತ್ತಿನ ರಕ್ಷಣಾ ಖರೀದಿ ಪರಿಶೀಲನಾ ಸಮಿತಿಯ ಅಧ್ಯಕ್ಷರಿಗೆ ಒಂದು ಬಹಿರಂಗ ಪತ್ರ)

ಹಿಂದಿನ ಸೀಟಿನಲ್ಲಿ ಕೂತು ಬಂದ ಮಾನ್ಯ ಅಧ್ಯಕ್ಷರೇ,

ನನ್ನ ದೂರು ಚಿಕ್ಕದು, ಮೊದಲೇ ಹೇಳಿಬಿಡುತ್ತೇನೆ. ಸೇನೆ ಹೊಸದಾಗಿ ಕೊಂಡ ಕವಚವಾಹನಗಳನ್ನು ಪರಿಶೀಲಿಸಲು ಕಳೆದ ತಿಂಗಳು ನಿಮ್ಮ ಸಮಿತಿ ಶಿಬಿರಕ್ಕೆ ಹೋಗಿತ್ತು. ನೀವೆಲ್ಲ ವಾಹನ ಹತ್ತಿದಿರಿ, ಮೈದಾನ ಸುತ್ತಿದಿರಿ, ಇಳಿದು ಬಂದು ‘ಪ್ರಯಾಣವು ಸುಖಕರವಾಗಿತ್ತು’ ಎಂದು ವರದಿ ಬರೆದಿರಿ. ನಿಮ್ಮಲ್ಲಿ ಒಬ್ಬರೂ ಚಾಲಕರ ಸೀಟಿನಲ್ಲಿ ಕೂತು ನೋಡಲಿಲ್ಲ. ಅವತ್ತು ಆ ಸೀಟಿನಲ್ಲಿ ಕೂತು ನಿಮ್ಮನ್ನು ಸುತ್ತಿಸಿದವಳು ನನ್ನ ಮಗಳು. ಅಲ್ಲಿಂದ ಅವಳಿಗೆ ವಾಹನದ ಮುಂದಿನ ನೆಲ ಕಾಣುವುದಿಲ್ಲ. ಮುಂದಿನ ತಿಂಗಳು ಅವಳು ಅದನ್ನೇ ಓಡಿಸಿಕೊಂಡು ಗಡಿಗೆ ಹೋಗಬೇಕಾಗಿದೆ.

ರಕ್ಷಣೆಯಂಥ ಗಹನ ವಿಷಯದಲ್ಲಿ ಮೂಗು ತೂರಿಸಲು ಇವನಾರು ಎಂದು ನೀವು ಕೇಳಬಹುದು. ನಾನು ಡ್ರೈವಿಂಗ್ ಸ್ಕೂಲ್ ನಡೆಸುವವನು. ಯುದ್ಧದ ತಲೆಬುಡ ನನಗೆ ಗೊತ್ತಿಲ್ಲ. ಉಕ್ಕಿನ ದಪ್ಪ ಎಷ್ಟಿರಬೇಕು, ಗುಂಡು ಎಲ್ಲಿಂದ ಬರುತ್ತದೆ ಎಂಬುದೆಲ್ಲ ದೊಡ್ಡವರ ಮಾತು. ನನ್ನ ಅಂಗಡಿಯಂಥ ಆಫೀಸಿನಲ್ಲಿ ಒಂದು ಮೇಜು, ಗೋಡೆಯ ಮೇಲೆ ಸಂಚಾರ ಚಿಹ್ನೆಗಳ ಪಟ, ಹೊರಗೆ ಬಂಪರು ನೆಗ್ಗಿದ ಎರಡು ಕಾರು. ಆ ಕಾರುಗಳಲ್ಲಿ ನಾನು ಕೂರುವ ಕಡೆಗೂ ಒಂದು ಬ್ರೇಕ್ ಇದೆ. ಕಲಿಯುವವರು ಗಾಬರಿಯಾಗಿ ಎಲ್ಲ ಮರೆತಾಗ ನಾನು ಒತ್ತುವ ಬ್ರೇಕ್ ಅದು. ಜೀವಮಾನವೆಲ್ಲ ಅದರ ಮೇಲೆ ಕಾಲಿಟ್ಟುಕೊಂಡೇ ಕೂತಿದ್ದೇನೆ. ಹೆಂಡತಿಯ ಜೊತೆ ಬಸ್ಸಿನಲ್ಲಿ ಹೋಗುವಾಗಲೂ ಕಾಲು ತಾನಾಗಿ ಒತ್ತುತ್ತದೆ, ಅವಳಿಗೆ ನಾಚಿಕೆಯಾಗುತ್ತದೆ.

ನಿಮ್ಮ ಸಮಿತಿಯೂ ಆ ಎರಡನೇ ಬ್ರೇಕೇ ಎಂದು ನಾನು ತಿಳಿದಿದ್ದೆ. ಸರ್ಕಾರ ಗಾಡಿ ಓಡಿಸಲಿ, ಬೇಡ ಎಂದವರು ಯಾರು? ಆದರೆ ಪಕ್ಕದಲ್ಲಿ ಒಬ್ಬರು ಕಣ್ಣು ಬಿಟ್ಟುಕೊಂಡು ಕೂತಿರಲಿ ಎಂದೇ ಅಲ್ಲವೇ ಜನ ನಿಮ್ಮನ್ನು ಅಲ್ಲಿಗೆ ಕಳಿಸಿದ್ದು? ಈಗ ನೋಡಿದರೆ ಖರೀದಿಯ ಸಹಿ ಬೀಳುವುದು ಮೊದಲು, ವಾಹನ ಬರುವುದು ಆಮೇಲೆ, ಅದಕ್ಕೆ ಹಾರ ಹಾಕುವುದು ಅದಾದ ಮೇಲೆ, ನೀವು ಪರಿಶೀಲಿಸುವುದು ಎಲ್ಲಕ್ಕಿಂತ ಕೊನೆಗೆ. ಗುದ್ದಿದ ಮೇಲೆ ಬ್ರೇಕ್ ಒತ್ತುವ ಮಾಸ್ತರನನ್ನು ನಮ್ಮ ದಂಧೆಯಲ್ಲಿ ಯಾರೂ ಎರಡನೇ ದಿನ ಇಟ್ಟುಕೊಳ್ಳುವುದಿಲ್ಲ. ನಿಮ್ಮ ದಂಧೆಯಲ್ಲಿ ಅವರನ್ನು ಮಾನ್ಯ ಸದಸ್ಯರು ಎನ್ನುತ್ತಾರೆ.

‘ರೀ, ಬೈದಿದ್ದು ಸಾಕು, ದಿಂಬಿನ ವಿಷಯಕ್ಕೆ ಬನ್ನಿ’ ಎಂದು ನನ್ನ ಹೆಂಡತಿ ಬೆನ್ನ ಹಿಂದೆ ನಿಂತು ಹೇಳುತ್ತಿದ್ದಾಳೆ. ಬಂದೆ.

ನಮ್ಮಲ್ಲಿ ಮೊದಲ ಪಾಠ ಕೀಲಿ ತಿರುಗಿಸುವುದಲ್ಲ, ಸೀಟು ಹೊಂದಿಸಿಕೊಳ್ಳುವುದು. ಉದ್ದದವರು ಹಿಂದೆ ಸರಿಸಬೇಕು, ಗಿಡ್ಡದವರು ಮುಂದೆ ಎಳೆದುಕೊಳ್ಳಬೇಕು. ಇನ್ನೂ ಎತ್ತರ ಸಾಲದವರಿಗೆ ನಮ್ಮಲ್ಲಿ ಒಂದು ದಿಂಬು ಇತ್ತು. ಹಳೆಯ ಕಾರಿನ ಸೀಟ್ ಕವರ್ ಕತ್ತರಿಸಿ, ಒಳಗೆ ಹತ್ತಿ ಗಿಡಿದು ನನ್ನಾಕೆ ಹೊಲಿದದ್ದು. ಊರಿನ ಎಷ್ಟೋ ಟೀಚರುಗಳು, ನರ್ಸುಗಳು, ಒಬ್ಬ ನ್ಯಾಯಾಧೀಶರು ಸಹ ಅದರ ಮೇಲೆ ಕೂತೇ ಡ್ರೈವಿಂಗ್ ಕಲಿತಿದ್ದಾರೆ. ನನ್ನ ಮಗಳೂ ಅದರ ಮೇಲೇ ಕಲಿತಳು. ಅವಳು ನಮ್ಮ ಅಮ್ಮನನ್ನು ಹೋತಿದ್ದಾಳೆ. ಎತ್ತರ ಕಡಿಮೆ, ಬಾಯಿ ಜಾಸ್ತಿ. ಸೇನೆಯ ಎತ್ತರದ ಅಳತೆಯಲ್ಲಿ ಪಾಸಾದಳು, ಚಾಲಕಿಯಾದಳು, ಲಾರಿ ಓಡಿಸಿದಳು, ಒಂದು ಸಲವೂ ದೂರಲಿಲ್ಲ. ಲಾರಿಯ ಸೀಟು ಏರುತ್ತದೆ, ಇಳಿಯುತ್ತದೆ. ಆಮೇಲೆ ಈ ಹೊಸ ಕವಚವಾಹನ ಬಂತು. ಅದಕ್ಕೆ ಸರ್ಕಾರ ಇಟ್ಟಿರುವ ಹೆಸರು ಏನೋ ಗಂಭೀರವಾಗಿದೆ, ಓಡಿಸುವ ಹುಡುಗಿಯರು ಅದರ ಉಕ್ಕಿನ ಮೈ ನೋಡಿ ‘ಬೀರು’ ಎನ್ನುತ್ತಾರಂತೆ. ಬೀರುವಿನ ಸೀಟು ನೆಲಕ್ಕೆ ಬಿಗಿದ ಸೀಟು. ಏರುವುದಿಲ್ಲ, ಇಳಿಯುವುದಿಲ್ಲ, ಮುಂದೆ ಬರುವುದಿಲ್ಲ. ಮಗಳು ರಜೆಗೆ ಬಂದವಳು ಹೋಗುವಾಗ ನಮ್ಮ ಆಫೀಸಿನ ದಿಂಬನ್ನು ಬಗಲಿಗೆ ಹಾಕಿಕೊಂಡು ಹೊರಟಳು. ಯಾಕೆ ಎಂದು ಕೇಳಿದ್ದಕ್ಕೆ ನೆನಪಿಗೆ ಎಂದಳು. ನಾವು ಗಂಡ ಹೆಂಡತಿ ಎಷ್ಟು ಪೆದ್ದರೆಂದರೆ, ಅದನ್ನು ನಂಬಿ ಕಣ್ಣು ಒರೆಸಿಕೊಂಡೆವು.

ನಿಜ ಗೊತ್ತಾಗಿದ್ದು ಎಷ್ಟೋ ವಾರಗಳ ನಂತರ, ಫೋನಿನಲ್ಲಿ, ಅದೂ ಅವಳಮ್ಮ ಕೆದಕಿ ಕೆದಕಿ ಕೇಳಿದ ಮೇಲೆ. ಸೀಟಿನ ಕೆಳಗೆ ಸ್ಫೋಟವಾದರೂ ಬೆನ್ನು ಮುರಿಯದ ಹಾಗೆ ಅದನ್ನು ಮಾಡಿದ್ದಾರಂತೆ. ಆದರೆ ಅದರ ಬೆಲ್ಟು ಸರಿಯಾದ ಜಾಗದಲ್ಲಿ ಬಿಗಿದಿದ್ದರೆ ಮಾತ್ರ ಅದು ಕಾಪಾಡುತ್ತದೆ. ಅವಳು ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ.

‘ದಿಂಬು ಇಟ್ಕೊಂಡ್ರೆ ಬೆಲ್ಟು ಹೊಟ್ಟೆ ಮೇಲೆ ಬರುತ್ತೆ ಅಪ್ಪ. ತೆಗೆದ್ರೆ ರಸ್ತೆ ಕಾಣಲ್ಲ. ಇವತ್ತು ಯಾವುದು ಬೇಕು ಅಂತ ದಿನಾ ಬೆಳಿಗ್ಗೆ ನಾನೇ ತೀರ್ಮಾನ ಮಾಡ್ಬೇಕು.’

ಅಧ್ಯಕ್ಷರೇ, ಇಂಥ ತೀರ್ಮಾನ ಅವಳ ಪಾಲಿಗೆ ಬರಬಾರದು ಎಂದೇ ಅಲ್ಲವೇ ತೀರ್ಮಾನ ಮಾಡುವವರು ಅಂತ ಇಷ್ಟೊಂದು ಜನ ಇರುವುದು?

ನ್ಯಾಯವಾಗಿ ಹೇಳಬೇಕೆಂದರೆ ನಿಮ್ಮ ಸಮಿತಿಯಲ್ಲಿ ಒಬ್ಬ ಸದಸ್ಯೆ ಈ ಪ್ರಶ್ನೆ ಕೇಳಿದ್ದರು. ಚಾಲಕರ ಸೀಟು ಹೊಂದಿಸಿಕೊಳ್ಳಲು ಬರುತ್ತದೆಯೇ ಎಂದು. ಆ ತಾಯಿಗೆ ನನ್ನ ನಮಸ್ಕಾರ. ಇಲಾಖೆಯ ಉತ್ತರ ನಿಮ್ಮ ವರದಿಯಲ್ಲೇ ಅಚ್ಚಾಗಿದೆ: ‘ಸದರಿ ಮಾಹಿತಿಯನ್ನು ಬಹಿರಂಗಪಡಿಸುವುದು ರಾಷ್ಟ್ರೀಯ ಭದ್ರತೆಯ ಹಿತದೃಷ್ಟಿಯಿಂದ ಸೂಕ್ತವಲ್ಲ.’ ಅದರ ಕೆಳಗೆ ನಿಮ್ಮ ಸಮಿತಿಯ ಷರಾ: ‘ಉತ್ತರವನ್ನು ಗಮನಿಸಲಾಯಿತು.’ ಏನು ಗಮನಿಸಿದಿರಿ ಸ್ವಾಮಿ? ಉತ್ತರ ಇಲ್ಲ ಎಂಬುದನ್ನೇ? ನನ್ನ ಹತ್ತಿರ ಕಲಿಯುವವರು ‘ಕೆಂಪು ದೀಪ ಗಮನಿಸಿದೆ ಸಾರ್’ ಎನ್ನುತ್ತಾ ಮುಂದೆ ನುಗ್ಗಿದರೆ ನಾನು ಮುಖ ಮೂತಿ ನೋಡದೆ ಬೈಯುತ್ತೇನೆ.

ಈ ಮಹಾ ರಹಸ್ಯದ ಬಗ್ಗೆ ಇನ್ನೂ ಒಂದು ಮಾತು. ವರ್ಷದ ಹಿಂದೆ ನಮ್ಮ ಊರಿನಲ್ಲೇ ಸೇನೆಯ ವಸ್ತುಪ್ರದರ್ಶನ ನಡೆದಾಗ ಬೀರುವನ್ನು ತಂದು ನಿಲ್ಲಿಸಿದ್ದರು. ಜನ ಸಾಲುಗಟ್ಟಿ ನಿಂತು, ಮಕ್ಕಳನ್ನು ಅದೇ ಚಾಲಕರ ಸೀಟಿನಲ್ಲಿ ಕೂರಿಸಿ ಫೋಟೋ ತೆಗೆಸಿಕೊಂಡರು. ನಾನೂ ಕೂತಿದ್ದೆ. ನನಗೆ ಎಲ್ಲ ಕಂಡಿತು, ನಾನು ಉದ್ದ ಇದ್ದೇನೆ. ತಯಾರಿಸಿದ ಕಂಪನಿಯವರು ಹಂಚಿದ ಬಣ್ಣದ ಹಾಳೆಯಲ್ಲಿ ಸೀಟಿನ ಚಿತ್ರವೂ ಇತ್ತು, ‘ಸ್ಥಿರ ಆಸನ’ ಎಂಬ ಹೆಮ್ಮೆಯ ವಿವರಣೆಯೂ ಇತ್ತು. ಅಂದರೆ ಪಕ್ಕದ ಬೀದಿಯ ಕ್ಷೌರಿಕನಿಗೆ ಗೊತ್ತು, ಅವನ ಅತ್ತೆಗೆ ಗೊತ್ತು, ಶತ್ರುವಿಗಂತೂ ಖಂಡಿತ ಗೊತ್ತು. ಈ ರಹಸ್ಯವನ್ನು ಇಲಾಖೆ ಕಾಪಾಡಿಕೊಂಡದ್ದು ನಿಮ್ಮೊಬ್ಬರಿಂದ. ನಿಮಗೆ ಸ್ವಲ್ಪವೂ ಬೇಜಾರಾಗಲಿಲ್ಲವೇ?

ಎಲ್ಲ ಗುಟ್ಟನ್ನೂ ಬೀದಿಗೆ ಹರಡಿ ಎನ್ನುವವನಲ್ಲ ನಾನು. ಆ ವಾಹನಗಳು ಎಲ್ಲಿಗೆ ಹೋಗುತ್ತವೆ, ಯಾವ ದಾರಿಯಲ್ಲಿ ಹೋಗುತ್ತವೆ ಎಂದು ಯಾರಾದರೂ ನನಗೆ ಹೇಳಲು ಬಂದರೆ ಕಿವಿ ಮುಚ್ಚಿಕೊಳ್ಳುತ್ತೇನೆ. ಅಲ್ಲಿ ನನ್ನ ಮಗಳಿರುತ್ತಾಳೆ. ಆದರೆ ಗುಟ್ಟು ಇರಬೇಕಾದದ್ದು ಶತ್ರುವಿನಿಂದ, ಸಂಸತ್ತಿನಿಂದಲ್ಲ. ಬಾಗಿಲು ಮುಚ್ಚಿ ಕೇಳಿ. ಫೋನುಗಳನ್ನು ಹೊರಗಿಡಿಸಿ ಕೇಳಿ. ನಿಮ್ಮ ಸಭಾಂಗಣಕ್ಕೆ ಬಾಗಿಲು ಇದೆ ತಾನೇ? ಇಲ್ಲದಿದ್ದರೆ ನಮ್ಮ ಆಫೀಸಿಗೆ ಬನ್ನಿ, ಷಟರು ಎಳೆದು ಕೊಡುತ್ತೇನೆ.

ಇನ್ನು ನಿಮ್ಮ ಭೇಟಿಯ ದಿನಕ್ಕೆ ಬರುತ್ತೇನೆ. ನೀವು ಬರುತ್ತೀರಿ ಎಂದು ಶಿಬಿರಕ್ಕೆ ಸುಣ್ಣ ಬಳಿದರು, ಮೈದಾನದ ಸುತ್ತ ಹೂಕುಂಡ ಜೋಡಿಸಿದರು. ವಾಹನದೊಳಗೆ ಅನುಮತಿಯಿಲ್ಲದ ಯಾವ ವಸ್ತುವೂ ನಿಮ್ಮ ಕಣ್ಣಿಗೆ ಬೀಳಬಾರದು ಎಂದು ಮೇಲಿನಿಂದ ಅಪ್ಪಣೆ ಬಂತು. ದಿಂಬು ವಾಹನದ ಸಲಕರಣೆ ಡಬ್ಬಿಯೊಳಗೆ ಹೋಯಿತು. ಮಗಳು ಕಾಲ್ಬೆರಳ ಮೇಲೆ ಅರ್ಧ ಎದ್ದು ನಿಂತು, ಕತ್ತು ಚಾಚಿಕೊಂಡು ನಿಮ್ಮನ್ನು ಸುತ್ತಿಸಿದಳು. ತಿರುವಿನಲ್ಲಿ ಒಂದು ಹೂಕುಂಡ ಅವಳಿಗೆ ಕಾಣಲೇ ಇಲ್ಲ. ಅದು ಚೂರುಚೂರಾಯಿತು. ನೀವು ಹಿಂದಿನಿಂದ ನಕ್ಕು, ಪರವಾಗಿಲ್ಲಮ್ಮ, ಹೊಸ ಗಾಡಿ, ಅಭ್ಯಾಸ ಆಗುತ್ತೆ ಎಂದು ಸಮಾಧಾನ ಹೇಳಿದಿರಂತೆ. ನೀವು ಒಳ್ಳೆಯವರು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಕುಂಡದ ಜಾಗದಲ್ಲಿ ಒಂದು ಮಗು ಇದ್ದಿದ್ದರೆ, ಅಥವಾ ನೆಲದಲ್ಲಿ ಹುಗಿದಿಟ್ಟ ಬೇರೆ ಏನಾದರೂ ಇದ್ದಿದ್ದರೆ, ಹಿಂದೆ ಕೂತ ನೀವೂ ನಗುತ್ತಿರಲಿಲ್ಲ.

ಇಳಿದ ಮೇಲೆ ನೀವು ಅವಳ ಹೆಗಲು ತಟ್ಟಿ, ಗಾಡಿ ಹೇಗಿದೆ ಮಗಳೇ ಎಂದು ಕೇಳಿದಿರಿ. ನಿಮ್ಮ ಎಡಕ್ಕೆ ಆ ವಾಹನ ಆರಿಸಿದ ಅಧಿಕಾರಿ. ಬಲಕ್ಕೆ ಅದನ್ನು ಮಾರಿದ ಕಂಪನಿಯ ಪ್ರತಿನಿಧಿ. ಎದುರಿಗೆ ಕ್ಯಾಮರಾ. ಕಾಲ ಬುಡದಲ್ಲಿ ಕುಂಡದ ಮಣ್ಣು. ಅವಳು ಏನು ಹೇಳಬೇಕಿತ್ತು?

‘ತುಂಬಾ ಚೆನ್ನಾಗಿದೆ ಸರ್’ ಎಂದಳು.

ಅದೂ ನಿಮ್ಮ ವರದಿಯಲ್ಲಿದೆ. ‘ಚಾಲಕರು ತೃಪ್ತಿ ವ್ಯಕ್ತಪಡಿಸಿರುತ್ತಾರೆ.’ ಹೊಸ ಸೊಸೆಯನ್ನು ಅತ್ತೆಯ ಎದುರಿಗೇ ನಿಲ್ಲಿಸಿಕೊಂಡು ಅತ್ತೆ ಹೇಗಿದ್ದಾರಮ್ಮ ಎಂದು ಕೇಳಿದರೆ ಇದೇ ಉತ್ತರ ಬರುತ್ತದೆ. ಇಷ್ಟು ಸಾಮಾನ್ಯ ಜ್ಞಾನ ನಮ್ಮ ನಿಮ್ಮ ಮನೆಗಳಲ್ಲಿ ಎಲ್ಲರಿಗೂ ಇದೆ, ಸಮಿತಿಗಳಾದಾಗ ಎಲ್ಲಿ ಹೋಗುತ್ತದೆ ಎಂಬುದೇ ನನಗೆ ಅರ್ಥವಾಗದ ವಿಷಯ.

ತಮಾಷೆ ಇಲ್ಲಿಗೆ ಮುಗಿಯಲಿಲ್ಲ. ನೀವು ಹೋದ ಮೇಲೆ ವಿಚಾರಣೆ ನಡೆಯಿತು. ಸೀಟಿನದ್ದಲ್ಲ, ಹೂಕುಂಡದ್ದು. ಗಣ್ಯರ ಎದುರಿಗೆ ಕುಂಡ ಒಡೆದದ್ದು ಹೇಗೆ? ರಸ್ತೆ ಕಾಣಲಿಲ್ಲ. ಬೇರೆ ದಿನ ಹೇಗೆ ಕಾಣುತ್ತದೆ? ದಿಂಬು ಇರುತ್ತದೆ. ಎಂಥ ದಿಂಬು? ಹೀಗೆ ಡಬ್ಬಿಯಿಂದ ನಮ್ಮ ಡ್ರೈವಿಂಗ್ ಸ್ಕೂಲಿನ ದಿಂಬು ಹೊರಬಂತು. ಅನುಮತಿಯಿಲ್ಲದ ವಸ್ತು, ಬೆಲ್ಟಿನ ರಕ್ಷಣೆಗೆ ಅಡ್ಡಿ, ಕೂಡಲೇ ತೆಗೆಯತಕ್ಕದ್ದು ಎಂದು ಆದೇಶವಾಯಿತು. ಆದೇಶ ಬರೆದ ಅಧಿಕಾರಿಯನ್ನು ನಾನು ತಪ್ಪು ಎನ್ನಲಾರೆ. ಬೆಲ್ಟಿನ ವಿಷಯದಲ್ಲಿ ಅವರು ಹೇಳಿದ್ದು ಸರಿಯೇ. ಆದರೆ ಲೆಕ್ಕ ಹಾಕಿ ನೋಡಿ: ಇಡೀ ಸಂಸತ್ತಿನ ಪರಿಶೀಲನೆಯಿಂದ ಆ ವಾಹನದಲ್ಲಿ ಆದ ಒಂದೇ ಒಂದು ಬದಲಾವಣೆ ಎಂದರೆ ನನ್ನ ಮಗಳ ದಿಂಬು ಹೋದದ್ದು. ಕುಂಡದ ಜಾಗದಲ್ಲಿ ಹೊಸ ಕುಂಡ ಬಂದಿದೆಯಂತೆ. ಸೀಟು ಇದ್ದಲ್ಲೇ ಇದೆ.

ಇಲಾಖೆಯವರನ್ನು ಯಾರೋ ಪತ್ರಕರ್ತರು ಕೇಳಿದ್ದಕ್ಕೆ, ಸೀಟನ್ನು ‘ಸರಾಸರಿ ಸೈನಿಕ’ನ ಅಳತೆಗೆ ಮಾಡಿಸಲಾಗಿದೆ ಎಂದರಂತೆ. ಈ ಮಹಾನುಭಾವನನ್ನು ಇದುವರೆಗೆ ಕಂಡವರಿಲ್ಲ. ಅವನಿಗೆ ಅಪ್ಪ ಅಮ್ಮ ಇಲ್ಲ, ಪಾಪ, ಇದ್ದಿದ್ದರೆ ಅವರೂ ನಿಮಗೆ ಒಂದು ಪತ್ರ ಬರೆಯುತ್ತಿದ್ದರು. ಬೀರು ಓಡಿಸುವ ಹುಡುಗಿಯರೆಲ್ಲ ಅವನಿಗಿಂತ ಗಿಡ್ಡ. ಮನೆಯಿಂದ ಮಡಚಿದ ಕಂಬಳಿ, ಸೋಫಾದ ಮೆತ್ತೆ ತಂದುಕೊಂಡಿದ್ದವರದೂ ಈಗ ಹೋಗಿದೆ.

ಈ ಪತ್ರ ಬರೆಯುವ ಮುಂಚೆ ಮಗಳನ್ನು ಕೇಳಿದೆ. ಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಹೇಳಿದಳು: ‘ಬರೀರಿ ಅಪ್ಪ. ಆದ್ರೆ ನನ್ನೊಬ್ಬಳಿಗೆ ಅಂತ ಏನೂ ಕೇಳಬೇಡಿ. ಕೇಳಿದ್ರೆ ನನ್ನನ್ನ ಆಫೀಸ್ ಕೆಲಸಕ್ಕೆ ಹಾಕ್ತಾರೆ. ಆ ಸೀಟಲ್ಲಿ ಇನ್ನೊಬ್ಬಳು ಕೂರ್ತಾಳೆ.’

ನಿಜ ಹೇಳಲೇ? ನನ್ನೊಳಗಿನ ಅಪ್ಪನಿಗೆ ಅವಳು ಆಫೀಸಿನಲ್ಲೇ ಕೂರಲಿ ಎಂದು ಆಸೆ ಇತ್ತು. ಅವಳ ಮಾತು ಕೇಳಿ ಹೆಮ್ಮೆಯಾಯಿತು. ಆದ್ದರಿಂದ ಅವಳಿಗೆಂದು ಏನನ್ನೂ ಕೇಳುವುದಿಲ್ಲ.

ಕೇಳುವುದು ಇಷ್ಟೇ. ಇದೇ ಬೀರುಗಳನ್ನು ಇನ್ನೊಂದು ಕಂತು ಕೊಳ್ಳಲು ಇಲಾಖೆ ಹೊರಟಿದೆ, ನಿಮ್ಮ ಸಮಿತಿ ಬರುವ ವಾರ ಆ ಬಗ್ಗೆ ಸಭೆ ಸೇರುತ್ತಿದೆ. ಈ ಸಲ ಕಾಲು ಬ್ರೇಕಿನ ಮೇಲಿರಲಿ. ಸಹಿಗೆ ಮೊದಲು ಚಾಲಕಿಯರನ್ನು ಕರೆಸಿ, ಮೇಲಧಿಕಾರಿಗಳನ್ನೂ ಕಂಪನಿಯವರನ್ನೂ ಹೊರಗೆ ಕೂರಿಸಿ, ಬಾಗಿಲು ಹಾಕಿಕೊಂಡು ಕೇಳಿ. ಏರಿಳಿಯುವ ಸೀಟು ಬರುವ ತನಕ ಎರಡನೇ ಕಂತಿಗೆ ಒಪ್ಪಿಗೆ ಕೊಡಬೇಡಿ, ಮೊದಲ ಕಂತಿನ ಸೀಟು ಬದಲಾಗುವ ತನಕ ಒಂದು ವಾಹನವೂ ಗಡಿಗೆ ಹೊರಡದಂತೆ ನೋಡಿಕೊಳ್ಳಿ. ಭದ್ರತೆಯ ಹಿತದೃಷ್ಟಿ ಎಂದು ಯಾರಾದರೂ ಮತ್ತೆ ಶುರು ಮಾಡಿದರೆ, ಯಾರ ಭದ್ರತೆ ಎಂದು ಕೇಳಿ.

ದಿಂಬು ಮೊನ್ನೆ ಪಾರ್ಸೆಲ್ಲಿನಲ್ಲಿ ಮನೆಗೆ ವಾಪಸ್ ಬಂತು. ಅದನ್ನು ಈ ಪತ್ರದ ಜೊತೆಗೇ ನಿಮಗೆ ಕಳಿಸುತ್ತಿದ್ದೇನೆ. ಗೇಟಿನಲ್ಲಿ ಪೊಲೀಸರು ಹಿಚುಕಿ ನೋಡಲಿ, ಒಳಗೆ ಹತ್ತಿಯೇ ಇರುವುದು. ಇದನ್ನು ಹಿಡಿದುಕೊಂಡು ಇನ್ನೊಮ್ಮೆ ಶಿಬಿರಕ್ಕೆ ಹೋಗಿ, ಈ ಸಲ ಮುಂದೆ ಕೂತುಕೊಳ್ಳಿ. ಟಿವಿಯಲ್ಲಿ ನೋಡಿದ್ದೇನೆ, ತಾವೂ ಏನು ಅಂಥ ಉದ್ದವಿಲ್ಲ. ಮೊದಲು ದಿಂಬಿಲ್ಲದೆ ಕೂತು ರಸ್ತೆ ನೋಡಿ. ಆಮೇಲೆ ದಿಂಬು ಇಟ್ಟುಕೊಂಡು ಬೆಲ್ಟು ಹಾಕಿ. ಎರಡರಲ್ಲಿ ಯಾವುದು ಬೇಕು ಎಂದು ನೀವೇ ಒಂದು ದಿನ ಬೆಳಿಗ್ಗೆ ತೀರ್ಮಾನ ಮಾಡಿ.

ಸೀಟು ಸರಿಯಾಗುವ ತನಕ ದಿಂಬನ್ನು ಮಾತ್ರ ವಾಪಸ್ ಕಳಿಸಬೇಡಿ. ಪಾರ್ಸೆಲ್ ಬಿಚ್ಚಿದ ದಿನದಿಂದ ಅವಳಮ್ಮ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಇವತ್ತು ಪೋಸ್ಟಾಫೀಸಿಗೆ ಒಯ್ಯಲು ಅವಳ ಕೈಯಿಂದ ಬಿಡಿಸಿಕೊಳ್ಳುವುದು ಕಷ್ಟವಾಯಿತು.

ಇಂತಿ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಕಾಯುತ್ತಿರುವ,
ಹೂಕುಂಡ ಒಡೆದವಳ ಅಪ್ಪ