ಹೊಟ್ಟೆಯ ಅಳತೆ

ಅಪ್ಪಾ,

ತೀರ್ಥರೂಪು ಎಂದು ಶುರುಮಾಡುವಷ್ಟು ತಾಳ್ಮೆ ಇವತ್ತಿಲ್ಲ. ಬಾಯಿ ತೆರೆದರೆ ಕಿರುಚಿಬಿಡುತ್ತೇನೆ, ಅದಕ್ಕೇ ಬರೆದು ನಿನ್ನ ಹೊಲಿಗೆ ಮೆಷಿನ್ನಿನ ಮೇಲಿಟ್ಟಿದ್ದೇನೆ.

ನಿನ್ನೆ ಅಂಗಡಿಯಲ್ಲಿ ನನ್ನ ಅಳತೆ ತೆಗೆದು, ಅಮ್ಮ ಬರೆದುಕೊಳ್ಳಲೆಂದು ಬೀದಿಗೆಲ್ಲ ಕೇಳುವಂತೆ "ಹೊಟ್ಟೆ ನಲವತ್ತು!" ಎಂದು ಕೂಗಿದೆ. ಸಾಲದ್ದಕ್ಕೆ "ಬಾಯಿಗೆ ಬೀಗ ಹಾಕ್ಕೋ ಮಗಳೇ" ಅಂದೆ. ಕಾದಿದ್ದ ಗಿರಾಕಿಗಳೆಲ್ಲ ಕಿಸಕ್ಕನೆ ನಕ್ಕರು.

ಬೀಗ ಹಾಕಿ ವರ್ಷವಾಯಿತಪ್ಪ. ರಾತ್ರಿಯೂಟ ಅರ್ಧವಾಯಿತು, ನಡೆದು ನಡೆದು ಚಪ್ಪಲಿ ಸವೆಯಿತು. ಕೆನ್ನೆ ಇಳಿಯಿತು, ಕಾಲು ಕಡ್ಡಿಯಾಯಿತು. ಹೊಟ್ಟೆ ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

ಇವತ್ತು ಡಾಕ್ಟರಮ್ಮ ನಗುತ್ತಲೇ ಹೇಳಿದರು: "ನಿಮ್ದು ಸೇಬಿನಂಥ ಮೈಕಟ್ಟು. ಕೊಬ್ಬೆಲ್ಲ ಹೊಟ್ಟೇಲೇ ಕೂರುತ್ತೆ. ನಿಧಾನಕ್ಕೆ ಇಳಿಯುತ್ತೆ, ನಡೆಯೋದು ಬಿಡ್ಬೇಡಿ. ಮನೇಲಿ ಬೇರೆ ಯಾರು ಹೀಗಿದಾರೆ?"

ಅಪ್ಪ ಎಂದೆ. ಮೆಟ್ಟಿಲು ಹತ್ತಿದರೆ ಎದೆ ಹಿಡಿದುಕೊಂಡು ನಿಲ್ಲುತ್ತಾರೆ ಎಂದೂ ಹೇಳಿದೆ. ಡಾಕ್ಟರಮ್ಮನ ಮುಖದ ನಗು ಮಾಯವಾಯಿತು. "ನಾಳೇನೇ ಕರ್ಕೊಂಡ್ಬನ್ನಿ" ಎಂದರು.

ಊರವರ ಸೊಂಟ ಅಳೆಯುವ ನೀನು ನಿನ್ನ ಪ್ಯಾಂಟನ್ನು ಮಾತ್ರ ಅಳತೆಯಿಲ್ಲದೆ, ಯಾರಿಗೂ ಹೇಳದೆ, ಹೊಲಿಗೆ ಬಿಚ್ಚಿ ಅಗಲ ಮಾಡಿಕೊಳ್ಳುತ್ತೀಯ. ನನಗೆ ಕಣ್ಣಿಲ್ಲ ಅಂದುಕೊಂಡೆಯಾ?

ನಾಳೆ ಅಂಗಡಿ ತೆರೆಯುವ ಮೊದಲೇ ಹೊರಡಬೇಕು. ಬರುವುದಿಲ್ಲ ಎಂದು ಹಟ ಹಿಡಿದರೆ ಗಿರಾಕಿಗಳು ತುಂಬುವವರೆಗೆ ಕಾಯುತ್ತೇನೆ. ನಿನ್ನ ಟೇಪು ನನ್ನ ಚೀಲದಲ್ಲಿದೆ, ಹುಡುಕಬೇಡ. ಉಸಿರು ಕಟ್ಟಿ ಹೊಟ್ಟೆ ಒಳಗೆಳೆದುಕೊಳ್ಳಲೂ ಬೇಡ. ಅಳೆಯುವವಳು ನಾನು, ಕೂಗುವವಳೂ ನಾನೇ. ಬರೆದುಕೊಳ್ಳಲು ಅಮ್ಮ ಒಪ್ಪಿದ್ದಾಳೆ.

ನಿನ್ನದೇ ಹೊಟ್ಟೆ ಹೊತ್ತು ತಿರುಗುವ,
ಮಗಳು